ಸೂಜಿ ಚುಚ್ಚಿದರೆ ನೋವು ಹೋಗುತ್ತಾ?

ಸೂಜಿ ಅಂದರೆ ಯಾರಿಗೆ ತಾನೆ ಭಯ ಇಲ್ಲ? ಆಸ್ಪತ್ರೆಯಲ್ಲಿ ಸೂಜಿ ಕಂಡರೆ ಮಕ್ಕಳು ಅಳುತ್ತವೆ. ದೊಡ್ಡವರೂ ಮುಖ ತಿರುಗಿಸುತ್ತಾರೆ. ಆದರೆ ನೋವು ಕಳೆಯಲೆಂದೇ ಸೂಜಿ ಚುಚ್ಚುವ ಒಂದು ಚಿಕಿತ್ಸೆ ಇದೆ. ಅದರ ಹೆಸರು ಅಕ್ಯುಪಂಕ್ಚರ್. ಹೆಸರು ಉದ್ದ. ನಾವು ಸೂಜಿ ಚಿಕಿತ್ಸೆ ಅನ್ನೋಣ.

ಇದು ಚೀನಾ ದೇಶದ್ದು. ಸುಮಾರು 2000 ವರ್ಷಗಳಷ್ಟು ಹಳೆಯದು. ನಮ್ಮ ದೇಶಕ್ಕೆ ಹೇಗೆ ಬಂತು ಗೊತ್ತೆ? 1938ರಲ್ಲಿ ಜಪಾನ್ ದೇಶ ಚೀನಾದ ಮೇಲೆ ಯುದ್ಧ ಮಾಡುತ್ತಿತ್ತು. ಗಾಯಗೊಂಡವರ ಸೇವೆಗೆ ಭಾರತದಿಂದ ಐದು ಮಂದಿ ಡಾಕ್ಟರು ಹೋದರು. ಸೊಲ್ಲಾಪುರದ ಡಾ. ಕೋಟ್ನಿಸ್ ಅವರಲ್ಲಿ ಒಬ್ಬರು. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಇನ್ನೊಬ್ಬರು ಬಂಗಾಳದ ಡಾ. ಬಸು. ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋದರು. ಈ ವಿದ್ಯೆ ಕಲಿತು ಕಲ್ಕತ್ತಾಗೆ ತಂದರು.

ಈ ಸೂಜಿಯೊಳಗೆ ಔಷಧಿ ಇರುತ್ತಾ? ಇಲ್ಲ. ಇಂಜೆಕ್ಷನ್ ಸೂಜಿ ಟೊಳ್ಳು. ಇದು ಗಟ್ಟಿ ಉಕ್ಕಿನ ಎಳೆ. ಮೂರು ಕೂದಲು ಸೇರಿಸಿದಷ್ಟೇ ದಪ್ಪ. ಚುಚ್ಚಿದಾಗ ಇರುವೆ ಕಚ್ಚಿದ ಹಾಗೆ ಆಗಬಹುದು. ಆಮೇಲೆ ಆ ಜಾಗ ಜೋಮು ಹಿಡಿದಂತೆ, ಭಾರವಾದಂತೆ ಅನಿಸುತ್ತದೆ. ಸೂಜಿಗಳನ್ನು 15ರಿಂದ 30 ನಿಮಿಷ ಹಾಗೇ ಬಿಡುತ್ತಾರೆ. ಇದಕ್ಕೂ ನಮ್ಮ ಕಡೆ ಬರೆ ಹಾಕುವುದಕ್ಕೂ ಹೋಲಿಕೆ ಮಾಡಬೇಡಿ. ಬರೆ ಮೈ ಸುಡುತ್ತದೆ, ಕೀವು ತರುತ್ತದೆ.

ಚೀನಾದ ಹಿರಿಯರು ಹೀಗೆ ಹೇಳುತ್ತಿದ್ದರು: ಮೈಯಲ್ಲಿ 'ಚಿ' ಎಂಬ ಶಕ್ತಿ ಹರಿಯುತ್ತದೆ. ಕಾಲುವೆಯಲ್ಲಿ ನೀರು ಹರಿದ ಹಾಗೆ. ಕಾಲುವೆ ಕಟ್ಟಿಕೊಂಡರೆ ಕಾಯಿಲೆ. ಸೂಜಿ ಚುಚ್ಚಿದರೆ ದಾರಿ ಬಿಡಿಸಿದಂತೆ. ಮಾತು ಚೆನ್ನಾಗಿದೆ. ಆದರೆ ಡಾಕ್ಟರು ದೇಹ ಕುಯ್ದು ನೋಡಿದಾಗ ರಕ್ತನಾಳ ಸಿಕ್ಕಿತು, ನರ ಸಿಕ್ಕಿತು. ಈ ಕಾಲುವೆ ಮಾತ್ರ ಸಿಗಲಿಲ್ಲ.

ಹಾಗಾದರೆ ನೋವು ಹೇಗೆ ಕಡಿಮೆ ಆಗುತ್ತೆ? ಬಾಗಿಲ ಸಂದಿಗೆ ಬೆರಳು ಸಿಕ್ಕಿತು ಅನ್ನಿ. ಏನು ಮಾಡ್ತೀರಿ? ತಟ್ಟನೆ ಉಜ್ಜಿಕೊಳ್ಳುತ್ತೀರಿ. ಉಜ್ಜಿದರೆ ನೋವು ಸ್ವಲ್ಪ ತಗ್ಗುತ್ತದೆ. ಉಜ್ಜಿದ ಸುದ್ದಿಯನ್ನೂ ನರಗಳು ಮಿದುಳಿಗೆ ಒಯ್ಯುತ್ತವೆ. ಆಗ ನೋವಿನ ಸುದ್ದಿಗೆ ದಾರಿ ಇಕ್ಕಟ್ಟಾಗುತ್ತದೆ. ಸೂಜಿಯೂ ನರವನ್ನು ಹೀಗೇ ಕೆಣಕುತ್ತದೆ. ಆಗ ದೇಹವೇ ನೋವು ತಗ್ಗಿಸುವ ರಸಗಳನ್ನು ಬಿಡುತ್ತದೆ. ಅವುಗಳಲ್ಲಿ ಒಂದು ಬಗೆಗೆ ಎಂಡಾರ್ಫಿನ್ ಎಂದು ಹೆಸರು.

ಇದು ನಿಜವೇ ಎಂದು ಪರೀಕ್ಷೆಗಳೂ ನಡೆದಿವೆ. ಒಂದನ್ನು ನೋಡೋಣ. ಜರ್ಮನಿ ದೇಶದಲ್ಲಿ ಬಹುಕಾಲದಿಂದ ಸೊಂಟನೋವು ಇದ್ದ 1162 ಜನರನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಶಾಸ್ತ್ರ ಹೇಳಿದ ಜಾಗದಲ್ಲೇ ಸೂಜಿ. ಎರಡನೆಯ ಗುಂಪಿಗೂ ಸೂಜಿ. ಆದರೆ ಬೇರೆ ಜಾಗದಲ್ಲಿ, ಮೇಲೆ ಮೇಲೆ ಮಾತ್ರ. ಯಾರಿಗೆ ಯಾವುದು ಅಂತ ರೋಗಿಗಳಿಗೆ ಹೇಳಲಿಲ್ಲ. ಮೂರನೆಯ ಗುಂಪಿಗೆ ಮಾತ್ರೆ, ವ್ಯಾಯಾಮ. ಆರು ತಿಂಗಳು ಕಳೆಯಿತು. ಮೊದಲ ಗುಂಪಿನಲ್ಲಿ 100ಕ್ಕೆ 48 ಜನರಿಗೆ ಗುಣ ಕಂಡಿತ್ತು. ಎರಡನೆಯದರಲ್ಲಿ 44. ಮೂರನೆಯದರಲ್ಲಿ 27. ಈ ಫಲಿತಾಂಶ 2007ರಲ್ಲಿ ಅಚ್ಚಾಯಿತು.

ಲೆಕ್ಕ ಹಾಕಿ ನೋಡಿ. ಸೂಜಿ ಹಾಕಿಸಿಕೊಂಡವರಿಗೆ ಹೆಚ್ಚು ಗುಣ ಕಂಡಿದೆ, ನಿಜ. ಆದರೆ 48ಕ್ಕೂ 44ಕ್ಕೂ ಅಂತರ ಎಷ್ಟು? ಬರೀ ನಾಲ್ಕು. ಅಂದರೆ ಎಲ್ಲಿ ಚುಚ್ಚಿದರು ಎಂಬುದು ಅಷ್ಟು ದೊಡ್ಡ ಮಾತಲ್ಲ. ಒಬ್ಬರು ಹತ್ತಿರ ಕೂತು, ಮೈ ಮುಟ್ಟಿ, ನೋವು ಕೇಳಿದರಲ್ಲ, ಅದರ ಪಾಲೂ ಇದೆ. ವಾಸಿಯಾಗುತ್ತೆ ಎಂಬ ನಂಬಿಕೆಯ ಪಾಲೂ ಇದೆ.

ಸೊಂಟನೋವು, ಮೊಣಕಾಲು ನೋವು, ಮತ್ತೆ ಮತ್ತೆ ಬರುವ ತಲೆನೋವು, ಇಂಥವಕ್ಕೆ ಸೂಜಿ ಚಿಕಿತ್ಸೆಯಿಂದ ಸ್ವಲ್ಪ ಆರಾಮ ಸಿಗಬಹುದು. ಆಪರೇಷನ್ ಆದ ಮೇಲೆ ಬರುವ ವಾಕರಿಕೆಗೂ ಆಗುತ್ತದೆ. ಅದಕ್ಕೆ ಒಂದು ಜಾಗ ಇದೆ. ಅಂಗೈ ಮೇಲೆ ಮಾಡಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಅಳೆಯಿರಿ. ಅಲ್ಲಿ ಎರಡು ಹುರಿಗಳ ನಡುವೆ ಆ ಜಾಗ. ಸೂಜಿ ಬೇಡ, ಹೆಬ್ಬೆರಳಿನಿಂದ ಒತ್ತಿದರೂ ಸಾಕು.

ಆದರೆ ಕೆಲವರು ಸಕ್ಕರೆ ಕಾಯಿಲೆ, ಬಿ.ಪಿ., ಕ್ಯಾನ್ಸರ್, ಎಲ್ಲವೂ ಸೂಜಿಯಿಂದ ವಾಸಿ ಅನ್ನುತ್ತಾರೆ. ನಂಬಬೇಡಿ. "ಮಾತ್ರೆ ಬಿಟ್ಟು ಬನ್ನಿ" ಅಂದರಂತೂ ಅಲ್ಲಿಂದ ಎದ್ದು ಬನ್ನಿ. ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಟಿ.ಬಿ. ಮಾತ್ರೆ ನಡುವೆ ಬಿಟ್ಟರೆ ರೋಗ ಮತ್ತೂ ಬಲಿಯುತ್ತದೆ. ಲಕ್ವ ಹೊಡೆದರೆ ಮೊದಲು ದೊಡ್ಡ ಆಸ್ಪತ್ರೆ. ರಕ್ತದ ಗಂಟು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಸೂಜಿ ಹಾಕಿಸಿಕೊಳ್ಳುವ ಮುಂಚೆ ಒಂದು ಮಾತು ಕೇಳಿ: "ಸೂಜಿ ಹೊಸದಾ? ಪೊಟ್ಟಣ ನನ್ನ ಮುಂದೆ ಒಡೆಯಿರಿ." ಕೇಳಲು ನಾಚಿಕೆ ಬೇಡ. ಒಬ್ಬರಿಗೆ ಚುಚ್ಚಿದ್ದನ್ನು ಇನ್ನೊಬ್ಬರಿಗೆ ಚುಚ್ಚಿದರೆ ಕಾಮಾಲೆ ರೋಗ, ಎಚ್.ಐ.ವಿ. ಹರಡಬಹುದು. ಬಸುರಿ ಆಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಎದೆಯ ಮೇಲೆ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತಾಗಬಹುದು. ಇದು ಅಪರೂಪ. ಆದರೂ ಸೂಜಿ ಹಾಕಿಸಿಕೊಂಡ ಮೇಲೆ ಎದೆ ನೋವು ಬಂದರೆ, ಉಸಿರು ಕಟ್ಟಿದಂತಾದರೆ, ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.