ಕಾಫಿ ಮನೆಯ ಯಂತ್ರಗಳಿಗೆ ವಿದ್ಯುತ್ಕಾಂತ ಬ್ರೇಕು

ಹಾನುಬಾಳು ಸುತ್ತಮುತ್ತ ಕೊಯ್ಲು ಬಿರುಸಾದಾಗ ಪಲ್ಪರ್ ಬಿಡುವಿಲ್ಲದೆ ತಿರುಗುತ್ತದೆ. ಒಣಗಿದ ಕಾಫಿ ಚೀಲಗಳು ಅಟ್ಟ ಸೇರಬೇಕಾಗುತ್ತದೆ. ಚೀಲ ಏರಿಸಲು ಮೋಟಾರಿನ ರಾಟೆ ಬಳಸುವ ಬೆಳೆಗಾರರು ಒಂದು ವಿಷಯ ತಿಳಿದಿರಬೇಕು: 50 ಕಿಲೋ ಚೀಲ ಅರ್ಧ ಎತ್ತರದಲ್ಲಿರುವಾಗ ಕರೆಂಟು ಹೋದರೆ ಅದನ್ನು ಹಿಡಿಯುವುದು ಯಾವುದು?

ಕೆಲಸ ಮಾಡುವ ಬಗೆ

ಕಬ್ಬಿಣದ ಸುತ್ತ ತಂತಿ ಸುತ್ತಿ ಕರೆಂಟು ಹರಿಸಿದರೆ ಅದು ಅಯಸ್ಕಾಂತವಾಗುತ್ತದೆ. ಕರೆಂಟು ನಿಂತರೆ ಶಕ್ತಿ ಹೋಗುತ್ತದೆ. ರಾಟೆಗೆ ತಕ್ಕ ಬ್ರೇಕಿನಲ್ಲಿ ಲೈನಿಂಗನ್ನು ಒತ್ತಿ ಹಿಡಿಯುವುದು ಸ್ಪ್ರಿಂಗ್. ಮೋಟಾರಿಗೆ ಕರೆಂಟು ಕೊಟ್ಟಾಗ ಅಯಸ್ಕಾಂತವು ಉಕ್ಕಿನ ತಟ್ಟೆಯನ್ನು ಸೆಳೆದು ಬ್ರೇಕು ಬಿಡಿಸುತ್ತದೆ. ಕರೆಂಟು ಹೋದೊಡನೆ ಸ್ಪ್ರಿಂಗ್ ಮತ್ತೆ ಒತ್ತಿ, ಹೊರೆ ಇದ್ದಲ್ಲಿಯೇ ನಿಲ್ಲುತ್ತದೆ. ಕರೆಂಟು ಇದ್ದಾಗ ಮಾತ್ರ ಹಿಡಿಯುವ ಬ್ರೇಕುಗಳೂ ಉಂಟು. ಅವು ರಾಟೆಗೆ ಸಲ್ಲವು.

ಕೆಡುವುದು ಎಲ್ಲಿ?

ಲೈನಿಂಗ್ ಸವೆದಂತೆ ಅಯಸ್ಕಾಂತಕ್ಕೂ ತಟ್ಟೆಗೂ ನಡುವಿನ ಸಂದು ದೊಡ್ಡದಾಗುತ್ತದೆ. ಆಗ ಸೆಳೆತ ಸಾಲದೆ ಬ್ರೇಕು ಪೂರ್ತಿ ಬಿಡುವುದಿಲ್ಲ. ವೋಲ್ಟೇಜ್ ತೀರ ಇಳಿದಾಗಲೂ ಹೀಗೆಯೇ. ಮೋಟಾರು ಬ್ರೇಕನ್ನು ಎಳೆದುಕೊಂಡೇ ತಿರುಗಿ ಬಿಸಿಯಾಗುತ್ತದೆ, ಲೈನಿಂಗ್ ಸುಡುತ್ತದೆ. ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿಸಿ.

ಗಮನಿಸಬೇಕಾದ ಅಂಶಗಳು

1. ಕೊಯ್ಲಿಗೆ ಮೊದಲು ವಿದ್ಯುತ್ ಕೆಲಸ ಬಲ್ಲವರಿಂದ ಸಂದನ್ನು ಫೀಲರ್ ಗೇಜಿನಿಂದ ಅಳೆಸಿ, ತಯಾರಕರು ಹೇಳಿದಷ್ಟಕ್ಕೆ ಸರಿಪಡಿಸಿ.

2. ಲೈನಿಂಗಿಗೆ ಎಣ್ಣೆ, ಗ್ರೀಸ್ ತಾಗಬಾರದು; ತಾಗಿದರೆ ಹಿಡಿತ ಜಾರುತ್ತದೆ. ಮಳೆಗಾಲದ ತೇವಕ್ಕೆ ತಟ್ಟೆ ತುಕ್ಕು ಹಿಡಿಯದಂತೆ ಮುಚ್ಚಳ ಭದ್ರವಾಗಿರಲಿ.

3. ಕೈಯಿಂದ ಬ್ರೇಕು ಬಿಡಿಸುವ ಹಿಡಿಕೆಯನ್ನು ತಂತಿಯಿಂದ ಕಟ್ಟಿಡಬೇಡಿ. ಕಟ್ಟಿದರೆ ಬ್ರೇಕು ಇದ್ದೂ ಇಲ್ಲದಂತೆ.

4. ಪ್ರತಿದಿನ ಮೊದಲ ಚೀಲವನ್ನು ನೆಲದಿಂದ ಒಂದು ಅಡಿಯಷ್ಟೇ ಎತ್ತಿ ಸ್ವಿಚ್ ಆರಿಸಿ ನೋಡಿ. ಚೀಲ ಜಾರಿದರೆ ರಾಟೆ ಬಳಸಬೇಡಿ.

5. ಏರುತ್ತಿರುವ ಚೀಲದ ಕೆಳಗೆ ಯಾರೂ ನಿಲ್ಲಬಾರದು.

ಪಲ್ಪರ್ ವಿಷಯ

ಸ್ವಿಚ್ ಆರಿಸಿದ ಮೇಲೂ ಪಲ್ಪರ್ ಉರುಳೆ ಸ್ವಲ್ಪ ಹೊತ್ತು ತಿರುಗುತ್ತದೆ. ಮೋಟಾರಿಗೆ ಬ್ರೇಕು ಇದ್ದರೆ ಬೇಗ ನಿಲ್ಲುತ್ತದೆ. ಆದರೆ ಬೆಲ್ಟು ಕಳಚಿದರೆ ಮೋಟಾರು ಮಾತ್ರ ನಿಂತು, ಉರುಳೆ ತಿರುಗುತ್ತಲೇ ಇರುತ್ತದೆ. ಆದ್ದರಿಂದ ಸಿಕ್ಕಿಕೊಂಡ ಹಣ್ಣು ತೆಗೆಯುವ ಮುನ್ನ ಮೇನ್ ಸ್ವಿಚ್ ಆರಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಉರುಳೆ ನಿಂತಿದೆಯೆಂದು ಕಣ್ಣಾರೆ ಕಂಡ ಮೇಲೆಯೇ ಕೈ ಹಾಕಬೇಕು.