ನೀರು ಇಳಿದ ಮೇಲೆ, ಪೊರಕೆ ಹಿಡಿಯುವ ಮುನ್ನ

ಮಗಾ, ಹೊಳೆದಂಡೆಯ ಪೇಟೆಯಲ್ಲಿ ಅಂಗಡಿ ಹಾಕಿದ್ದೀಯ. ಗಿರಾಕಿಯನ್ನು ಮಾತಾಡಿಸುವ ನಿನ್ನ ಬಗೆ ನನಗೆ ಬಲು ಇಷ್ಟ. ಉದ್ರಿ ವಸೂಲಿಯಲ್ಲೂ ಗಟ್ಟಿಗ. ಕಾಗದಪತ್ರ ಎಂದರೆ ಮಾತ್ರ ನಿನಗೆ ಆಕಳಿಕೆ ಬರುತ್ತದೆ. "ನೆರೆ ಬಂದರೆ ಸರ್ಕಾರ ಕೊಡುತ್ತೆ ಬಿಡಜ್ಜಾ" ಎಂದು ಮೊನ್ನೆ ಕೈಕೊಡವಿ ನಡೆದೆಯಲ್ಲ, ಕೂತು ಕೇಳು.

ಕೊಡುತ್ತದೆ, ನಿಜ. ಯಾವುದಕ್ಕೆ ಕೊಡುತ್ತದೆ ಎಂದು ವಿಚಾರಿಸಿದ್ದೀಯಾ? ರಾಜ್ಯ ವಿಪತ್ತು ನಿಧಿಗೆ ಕೇಂದ್ರ ಮುಕ್ಕಾಲು ಪಾಲು, ನಮ್ಮ ರಾಜ್ಯ ಕಾಲು ಪಾಲು ಹಾಕುತ್ತವೆ. ಯಾವ ನಷ್ಟಕ್ಕೆ ಎಷ್ಟು ಎಂಬ ಪಟ್ಟಿ ಕೇಂದ್ರದ್ದು. ಬೆಳೆಗೆ ಉಂಟು, ದನಕ್ಕೆ ಉಂಟು, ಮನೆಗೆ ಉಂಟು, ಮೀನುಗಾರರ ದೋಣಿಗೂ ಉಂಟು. 2022ರಲ್ಲಿ ಪರಿಷ್ಕರಿಸಿದ ದರದಂತೆ ನೇಕಾರರಿಗೆ, ಕರಕುಶಲಿಗರಿಗೆ ಸಲಕರಣೆಗೆಂದು 5,000 ರೂಪಾಯಿ, ಹಾಳಾದ ಸರಕಿಗೆಂದು 5,000. ಕಿರಾಣಿ ಅಂಗಡಿಯ ನೆನೆದ ಸಕ್ಕರೆ ಮೂಟೆಗೆ ಅಲ್ಲಿ ಒಂದು ಸಾಲೂ ಇಲ್ಲ. ಇದು ಅನ್ಯಾಯ ಅಂತಲೇ ನನ್ನ ಮಾತು. ನೆರೆ ಇಳಿದ ಮರುದಿನ ಓಣಿಗೆಲ್ಲ ಅಕ್ಕಿ ಬೇಳೆ ಉದ್ರಿ ಕೊಡುವವನು ಯಾರು? ಅಂಗಡಿಯವನೇ. ಅವನ ಬಾಗಿಲು ಮುಚ್ಚಿದರೆ ಓಣಿಯ ಒಲೆ ಹೇಗೆ ಉರಿದೀತು?

ಮನಸ್ಸು ಮಾಡಿದರೆ ರಾಜ್ಯ ಸರ್ಕಾರ ಪಟ್ಟಿಯ ಆಚೆಗೂ ಕೊಡಬಹುದು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡ ಮುಳುಗಿದಾಗ ಆಂಧ್ರ ಸರ್ಕಾರ ಸಣ್ಣ ಅಂಗಡಿಗೆ 25,000 ರೂಪಾಯಿ ಘೋಷಿಸಿತು. ಕಿರು ಉದ್ಯಮಗಳಿಗೆ ವಹಿವಾಟು ನೋಡಿ ಒಂದೂವರೆ ಲಕ್ಷದವರೆಗೆ. ಈಗ ಹೇಳು, ನಿನ್ನ ವಹಿವಾಟು ಎಷ್ಟೆಂದು ನೀನು ಏನು ತೋರಿಸಬಲ್ಲೆ? ಜೇಬಿನಲ್ಲಿ ಮಡಚಿಟ್ಟ ಚೀಟಿಯನ್ನೇ?

2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಕ್ಕೆ, ಮಲಪ್ರಭೆ ರಾಮದುರ್ಗಕ್ಕೆ ನುಗ್ಗಿದ್ದು ನೀನೂ ಕೇಳಿದ್ದೀಯ. ಅಂಥ ಹೊತ್ತಿನಲ್ಲಿ ನಾರುವ ಮಾಲನ್ನು ಮೊದಲು ಬೀದಿಗೆ ಸುರಿಯುವ ಆತುರ ಎಲ್ಲರಿಗೂ. ಆಮೇಲೆ ಸಮೀಕ್ಷೆಗೆ ಬಂದವರಿಗೆ ತೋರಿಸಲು ತೊಳೆದ ಗೋಡೆಯೊಂದೇ ಉಳಿದಿರುತ್ತದೆ. ನೀನಂತೂ ಮೊದಲು ಪೊರಕೆ ಹಿಡಿಯುವವನು! ತಾಳು. ಗೋಡೆಯ ಮೇಲಿನ ನೀರಿನ ಗೆರೆ, ಕಪಾಟು, ಮೂಟೆ, ಫ್ರಿಜ್ಜು ಎಲ್ಲದರ ಫೋಟೋ ತೆಗೆ. ಕಂದಾಯದವರು ಪಂಚನಾಮೆ ಬರೆದರೆ ಪ್ರತಿ ಇಸಿದುಕೊ. ಇಲ್ಲದ ಮೂಟೆ ಒಂದನ್ನೂ ಬರೆಸಬೇಡ. ಯಾರ ಅಂಗಡಿಯಲ್ಲಿ ಎಷ್ಟು ಮಾಲಿತ್ತೆಂದು ಪೇಟೆಗೆಲ್ಲ ಗೊತ್ತಿರುತ್ತದೆ. ಒಬ್ಬನ ಸುಳ್ಳು ಸಿಕ್ಕಿಬಿದ್ದರೆ ಸಾಲಿನ ಅಂಗಡಿಯವರ ಅರ್ಜಿಯೆಲ್ಲ ಅನುಮಾನಕ್ಕೆ ಬೀಳುತ್ತದೆ.

ಇನ್ನೊಂದು. ನೆರವು ಎಂದು ಬಂದದ್ದೆಲ್ಲ ಪುಕ್ಕಟೆಯಲ್ಲ. ಕೊರೊನಾ ಕಾಲದಲ್ಲಿ, 2020ರಲ್ಲಿ, ಬೀದಿ ವ್ಯಾಪಾರಿಗಳಿಗೆ ಬಂದ ಸ್ವನಿಧಿ ಯೋಜನೆಯ 10,000 ರೂಪಾಯಿ ಸಾಲವೇ ಆಗಿತ್ತು. ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ ಬಡ್ಡಿಯಲ್ಲಿ ಶೇ. 7 ಸಹಾಯಧನ, ಆಮೇಲೆ 20,000ದ ಬಾಗಿಲು ತೆರೆಯುತ್ತಿತ್ತು. ಅದೇ ವರ್ಷ ಉದ್ಯಮಗಳಿಗೆ ತುರ್ತು ಸಾಲ ಖಾತರಿ ಯೋಜನೆಯೂ ಬಂತು. ಖಾತರಿ ಕೊಟ್ಟದ್ದು ಬ್ಯಾಂಕಿಗೆ, ತಿಳಿದಿರಲಿ. ಸಾಲಗಾರನ ಬಾಕಿ ಸಾಲಗಾರನ ತಲೆಯ ಮೇಲೆಯೇ. ಸರ್ಕಾರದ ಹೆಸರು ಕಂಡೊಡನೆ ಕಟ್ಟಬೇಕಿಲ್ಲ ಎಂದುಕೊಂಡವರನ್ನು ನಾನು ಕಂಡಿದ್ದೇನೆ. ಆಮೇಲೆ ಯಾವ ಬ್ಯಾಂಕೂ ಅವರಿಗೆ ಮುಖ ಕೊಡಲಿಲ್ಲ.

ಹಳೆಯ ಸಾಲವಿದ್ದರೆ ಮ್ಯಾನೇಜರರಿಂದ ತಲೆ ಮರೆಸಿಕೊಳ್ಳಬೇಡ. ವಿಕೋಪಕ್ಕೆ ಸಿಕ್ಕ ಊರಿನವರ ಕಂತನ್ನು ಮುಂದೂಡಿ ಸಾಲವನ್ನು ಮರುಹೊಂದಿಸಲು ರಿಸರ್ವ್ ಬ್ಯಾಂಕಿನ ನಿಯಮ ದಾರಿ ಕೊಡುತ್ತದೆ. ಅರ್ಜಿ ಬರೆದು ಕೊಡು, ಸ್ವೀಕೃತಿ ಪಡೆ. ಕೇಳುವುದಕ್ಕೆ ನಾಚಿಕೊಂಡು ಮೀಟರ್ ಬಡ್ಡಿಯವನ ಮನೆಗೆ ಹೋದೆಯೋ, ನೆರೆ ಒಯ್ಯದೆ ಬಿಟ್ಟದ್ದನ್ನು ಅವನು ಒಯ್ಯುತ್ತಾನೆ.

ಇವೆಲ್ಲ ನೆರೆ ಬಂದ ಮೇಲಿನ ಮಾತು; ಈಗಲೇ ಮಾಡುವ ಕೆಲಸವೂ ಇದೆ. 2021ರ ಜುಲೈನಿಂದ ಚಿಲ್ಲರೆ ವ್ಯಾಪಾರಿಗಳೂ ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಮಾಡಿಸಬಹುದು. ಅದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳುವ ಏಜೆಂಟನ ಹತ್ತಿರ ಸುಳಿಯಬೇಡ. ಸರಕಿನ ಮೇಲೆ ಬ್ಯಾಂಕು ವಿಮೆ ಇಳಿಸಿದೆಯೇ, ಅದರಲ್ಲಿ ನೆರೆಯೂ ಸೇರಿದೆಯೇ ಎಂದು ಕೇಳಿ ಬಾ. ಪರವಾನಗಿ, ಬಾಡಿಗೆ ಕರಾರು, ಖರೀದಿ ಬಿಲ್ಲುಗಳ ಫೋಟೋ ತೆಗೆದು ದೂರದೂರಿನ ನಿಮ್ಮಕ್ಕನ ಫೋನಿಗೆ ಕಳಿಸು. ನಾಳೆ ಮಧ್ಯಾಹ್ನ ಅಂಗಡಿಗೆ ಬರುತ್ತೇನೆ. ಚಹಾ ಆಮೇಲೆ, ಮೊದಲು ಕಡತ ತೋರಿಸು.