ಹಿಮ್ಮಡಿಯ ಕೀಲುನೋವು: ಕಾರಣವರಿತು ಉಪಚರಿಸೋಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನಾವು ಕಾಲನ್ನು ನಂಬಿ ಬದುಕುವವರು. ಕಬ್ಬಿನ ಹೊಲದಲ್ಲಿ ದಿನವಿಡೀ ದುಡಿಯುತ್ತೇವೆ. ಯುಗಾದಿಗೆ ಮುನ್ನ ನಮ್ಮಲ್ಲಿ ಅನೇಕರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಹಿಮ್ಮಡಿ ನೊಂದರೆ ಕಾಯಕವೂ ಯಾತ್ರೆಯೂ ನಿಲ್ಲುತ್ತವೆ. ಆದರೆ ಹಿಮ್ಮಡಿಯ ನೋವೆಲ್ಲ ಒಂದೇ ಬಗೆಯದಲ್ಲ.

ರಚನೆ: ಒಂದು ಪಾದದಲ್ಲಿ 26 ಎಲುಬುಗಳಿವೆ. ಹಿಂಭಾಗದಲ್ಲಿರುವುದು ಎರಡೇ. ಕೆಳಗಿನದು ಹಿಮ್ಮಡಿಯ ಎಲುಬು; ಪಾದದಲ್ಲಿ ಇದೇ ದೊಡ್ಡದು. ಅದರ ಮೇಲೆ ಕುಳಿತಿರುವುದು ಟೇಲಸ್. ಟೇಲಸ್‌ಗೆ ಯಾವ ಸ್ನಾಯುವೂ ಅಂಟಿಕೊಂಡಿಲ್ಲ. ಮೈಯ ಭಾರವನ್ನು ಕಾಲಿನಿಂದ ಪಡೆದು ಪಾದಕ್ಕೆ ಹಂಚುವುದು ಅದರ ಕೆಲಸ. ಇದರ ಮೇಲಿನ ಕೀಲು ಪಾದವನ್ನು ಮೇಲೆ ಕೆಳಗೆ ಆಡಿಸುತ್ತದೆ. ಕೆಳಗಿನ ಕೀಲು ಪಾದವನ್ನು ಒಳಕ್ಕೂ ಹೊರಕ್ಕೂ ವಾಲಿಸುತ್ತದೆ. ಉತ್ತ ಹೊಲದ ಹೆಂಟೆಗಳ ಮೇಲೆ ಸಮತೋಲ ತಪ್ಪದೆ ನಡೆಯಲು ಈ ಕೀಲು ನೆರವಾಗುತ್ತದೆ.

ಗುರುತು: ಬೆಳಗಿನ ಮೊದಲ ಹೆಜ್ಜೆಗೆ ಹಿಮ್ಮಡಿಯ ಅಡಿಭಾಗ ಚುಚ್ಚಿ, ತುಸು ನಡೆದ ಮೇಲೆ ಕಡಿಮೆಯಾದರೆ ಅದು ಸಾಮಾನ್ಯವಾಗಿ ಅಂಗಾಲಿನ ದಪ್ಪ ಪಟ್ಟಿಯ ನೋವು. ಪಾದದ ಗಂಟಿನ ಕೆಳಗೆ ಆಳದಲ್ಲಿ ನೋವಿದ್ದು, ಡಾಂಬರು ರಸ್ತೆಗಿಂತ ಏರುಪೇರಿನ ನೆಲದಲ್ಲಿ ಹೆಚ್ಚಾದರೆ ಕೆಳಗಿನ ಕೀಲನ್ನು ಶಂಕಿಸಬೇಕು.

ಕಾರಣಗಳು:

1. ಮಾಗುವ ಮುನ್ನವೇ ಮತ್ತೆ ಮತ್ತೆ ಉಳುಕಿದ ಕಾಲು.
2. ಏಣಿ, ಮರ ಮುಂತಾದೆಡೆಯಿಂದ ಬಿದ್ದು ಹಿಮ್ಮಡಿಯ ಎಲುಬು ಒಡೆದಿರುವುದು. ಕೀಲಿನ ಸವೆತ ವರ್ಷಗಳ ನಂತರವೂ ತಲೆದೋರಬಹುದು.
3. ಒಳಬದಿಯ ಸ್ನಾಯುರಜ್ಜು ಸೋತು ಪಾದ ಚಪ್ಪಟೆಯಾಗುವುದು.
4. ಸಂಧಿವಾತ, ಇದರಲ್ಲಿ ಬೆಳಗಿನ ಬಿಗಿತ ಬಹಳ ಹೊತ್ತು ಉಳಿದು, ಕೈಬೆರಳ ಕೀಲುಗಳೂ ಊದಿಕೊಳ್ಳಬಹುದು.

ಉಪಚಾರ: ಹೊಸದಾಗಿ ಉಳುಕಿದ ಕಾಲನ್ನು ಎಳೆಸಬಾರದು, ತಿಕ್ಕಿಸಬಾರದು. ವಿಶ್ರಾಂತಿ ಕೊಟ್ಟು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಟ್ಟು, ಕಾಲನ್ನು ಎತ್ತರದಲ್ಲಿರಿಸಬೇಕು. ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಅಂದೇ ಎಕ್ಸ್‌ರೇ ಅವಶ್ಯ. ಅಥಣಿ, ನಿಪ್ಪಾಣಿಗಳಲ್ಲಿ ತಯಾರಾಗುವ ಕೊಲ್ಹಾಪುರಿ ಚಪ್ಪಲಿ ನಮ್ಮ ನಾಡಿನ ಹೆಮ್ಮೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ದೊರೆಯಿತು. ಆದರೂ ನೋವಿರುವಷ್ಟು ದಿನ ಹಿಮ್ಮಡಿಯನ್ನು ಹಿಡಿದಿಡುವ, ಮೆತ್ತನೆಯ ಅಟ್ಟೆಯ ಪಾದರಕ್ಷೆಯೇ ಲೇಸು.

ಸಕ್ಕರೆ ಕಾಯಿಲೆಯವರಲ್ಲಿ ಪಾದ ಕೆಂಪಾಗಿ, ಬಿಸಿಯಾಗಿ ಊದಿದರೆ ನೋವಿಲ್ಲವೆಂದು ಸುಮ್ಮನಿರಬಾರದು. ಸ್ಪರ್ಶಜ್ಞಾನ ಕುಂದಿದ ಪಾದದಲ್ಲಿ ಎಲುಬು ಮುರಿದರೂ ತಿಳಿಯದೆ ಹೋಗಬಹುದು. ಅಂಥವರು ಬರಿಗಾಲಿನ ಯಾತ್ರೆಯ ಹರಕೆ ಹೊರಬಾರದು. ಉಳಿದವರೂ ಒಂದೆರಡು ತಿಂಗಳು ಮೊದಲೇ ನಡಿಗೆಯನ್ನು ದಿನದಿನಕ್ಕೆ ಹೆಚ್ಚಿಸುತ್ತ ಬರಬೇಕು. ನಮ್ಮನ್ನು ಹೊತ್ತು ನಡೆಯುವ ಪಾದಗಳನ್ನು ಕಾಪಾಡಿಕೊಳ್ಳುವುದೂ ಕಾಯಕವೇ.